ತಾಂತ್ರಿಕ ಸ್ನಾತಕೋತ್ತರ ಪದವಿಗಳ ಪ್ರವೇಶಾರ್ಹತೆ: ಬದಲಾದ ನಿಯಮಗಳು ಮತ್ತು ಅವುಗಳ ಪರಿಣಾಮ

ಎಂ.ಇ. ಮತ್ತು ಎಂ.ಟೆಕ್. ಪದವಿಗಳಿಗೆ ಯಾರು ಸೇರಬಹುದು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕೇವಲ ಆಡಳಿತಕ್ಕೆ ಸಂಬಂಧಿಸಿದ್ದಾಗಿ ಕಾಣುತ್ತದೆ. ಆದರೆ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರೂ ಪ್ರಯೋಗಾಲಯಗಳ ಸಂಶೋಧಕರೂ ಬಹುಮಟ್ಟಿಗೆ ಈ ತರಗತಿಗಳಿಂದಲೇ ಬರುತ್ತಾರೆ. ಪ್ರವೇಶದ ನಿಯಮ ಬದಲಾದರೆ ಮುಂದಿನ ತಲೆಮಾರಿನ ತಾಂತ್ರಿಕ ಶಿಕ್ಷಣದ ಸ್ವರೂಪವೂ ಬದಲಾಗುತ್ತದೆ. ಕಳೆದ ನಾಲ್ಕು ದಶಕಗಳಲ್ಲಿ ಭಾರತದಲ್ಲಿ ಆಗಿರುವ ಇಂತಹ ಬದಲಾವಣೆಗಳನ್ನೂ, ಕರ್ನಾಟಕದ ವಿದ್ಯಾರ್ಥಿಗಳ ಮೇಲೆ ಅವುಗಳ ಪರಿಣಾಮವನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಏಕರೂಪದ ಪರೀಕ್ಷೆಯ ಉಗಮ

ಆರಂಭದ ದಶಕಗಳಲ್ಲಿ ಪ್ರತಿಯೊಂದು ಸಂಸ್ಥೆಯೂ ತನ್ನದೇ ಆದ ಕ್ರಮದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಆಯ್ಕೆಮಾಡಿಕೊಳ್ಳುತ್ತಿತ್ತು. ಪದವಿಯ ದರ್ಜೆ, ಸಂದರ್ಶನ, ಕೆಲವೆಡೆ ಸ್ಥಳೀಯ ಪರೀಕ್ಷೆ ಇವೇ ಮಾನದಂಡಗಳಾಗಿದ್ದವು. ಬೇರೆ ಬೇರೆ ವಿಶ್ವವಿದ್ಯಾಲಯಗಳ ಅಂಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಸಾಧ್ಯವಿಲ್ಲದಿದ್ದುದು ಈ ಕ್ರಮದ ಮುಖ್ಯ ಕೊರತೆ. ವೈ. ನಾಯುಡಮ್ಮ ಅವರ ಅಧ್ಯಕ್ಷತೆಯ ಸಮಿತಿಯು 1980ರಲ್ಲಿ ಸ್ನಾತಕೋತ್ತರ ತಾಂತ್ರಿಕ ಶಿಕ್ಷಣವನ್ನು ಸಮಗ್ರವಾಗಿ ಪರಿಶೀಲಿಸಿತು. ಅದರ ಬೆನ್ನಲ್ಲೇ, 1983ರಲ್ಲಿ, ಎಂಜಿನಿಯರಿಂಗ್ ಪದವೀಧರರ ಅಭಿಕ್ಷಮತೆಯನ್ನು ಅಳೆಯುವ ರಾಷ್ಟ್ರಮಟ್ಟದ ಪರೀಕ್ಷೆ 'ಗೇಟ್' ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಏಳು ಭಾರತೀಯ ತಂತ್ರಜ್ಞಾನ ಸಂಸ್ಥೆಗಳು ಸರದಿಯಂತೆ ಇದನ್ನು ನಡೆಸುತ್ತ ಬಂದಿವೆ.

ಈ ಪರೀಕ್ಷೆಯ ಅಂಕಗಣನೆಯನ್ನು ತಿಳಿದರೆ ಅದರ ಉದ್ದೇಶ ಸ್ಪಷ್ಟವಾಗುತ್ತದೆ. ಸಾಮಾನ್ಯ ವರ್ಗದ ಅರ್ಹತಾ ಅಂಕವು 100ಕ್ಕೆ 25, ಅಥವಾ ಆ ಪತ್ರಿಕೆಯ ಸರಾಸರಿಗೆ ಮಾನಕ ವಿಚಲನೆಯನ್ನು ಕೂಡಿಸಿದಾಗ ಬರುವ ಸಂಖ್ಯೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಇತರ ಹಿಂದುಳಿದ ವರ್ಗಗಳಿಗೆ ಇದರ ಶೇ. 90ರಷ್ಟು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಮೂರರಲ್ಲಿ ಎರಡು ಭಾಗ ಸಾಕು. ಸಾಮಾನ್ಯ ವರ್ಗದ ಅರ್ಹತಾ ಅಂಕವನ್ನು 350 ಎಂದೂ, ಅಗ್ರಸ್ಥಾನದ ಸಣ್ಣ ಗುಂಪಿನ ಸರಾಸರಿಯನ್ನು 900 ಎಂದೂ ಇರಿಸಿಕೊಂಡು ಉಳಿದವರ ಸ್ಥಾನವನ್ನು ನಿರ್ಧರಿಸಲಾಗುತ್ತದೆ. ಹೀಗೆ ಅಭ್ಯರ್ಥಿಯ ಪದವಿ ಯಾವ ವಿಶ್ವವಿದ್ಯಾಲಯದ್ದೆಂಬುದಕ್ಕಿಂತ, ಒಂದೇ ಪ್ರಶ್ನೆಪತ್ರಿಕೆಯನ್ನು ಎದುರಿಸಿದವರ ನಡುವೆ ಆತ ಎಲ್ಲಿ ನಿಲ್ಲುತ್ತಾನೆ ಎಂಬುದು ಮುಖ್ಯವಾಯಿತು.

ಬಾಗಿಲು ಅಗಲವಾದ ಬಗೆ

ಎಂ.ಟೆಕ್. ಎಂದೂ ಕೇವಲ ಎಂಜಿನಿಯರುಗಳ ಸೊತ್ತಾಗಿರಲಿಲ್ಲ. ಭೌತವಿಜ್ಞಾನ, ಗಣಿತ ಮೊದಲಾದ ವಿಷಯಗಳ ಎಂ.ಎಸ್ಸಿ. ಪದವೀಧರರಿಗೂ ಎಂ.ಸಿ.ಎ. ಪಡೆದವರಿಗೂ ಆಯ್ದ ವಿಭಾಗಗಳಲ್ಲಿ ಅವಕಾಶವಿತ್ತು. ಆದರೂ ಆಯಾ ಶಾಖೆಯ ಎಂಜಿನಿಯರಿಂಗ್ ಪದವಿಯೇ ರಾಜಮಾರ್ಗವಾಗಿತ್ತು. ಇತ್ತೀಚಿನ ವರ್ಷಗಳಲ್ಲಿ ಈ ಗಡಿ ಮೂರು ಹಂತಗಳಲ್ಲಿ ಸಡಿಲಗೊಂಡಿದೆ. 2021ರ ಗೇಟ್ ಪರೀಕ್ಷೆಯಲ್ಲಿ ಪದವಿಯ ಮೂರನೆಯ ವರ್ಷದಲ್ಲಿರುವವರಿಗೂ ಅವಕಾಶ ದೊರೆಯಿತು. ಮಾನವಿಕ ಮತ್ತು ಸಮಾಜವಿಜ್ಞಾನಗಳ ಪತ್ರಿಕೆ ಸೇರ್ಪಡೆಯಾಯಿತು. ನಿಗದಿತ ಜೋಡಿಗಳಲ್ಲಿ ಎರಡು ಪತ್ರಿಕೆಗಳನ್ನು ಬರೆಯಲು ಅನುಮತಿ ನೀಡಲಾಯಿತು. 2024ರಲ್ಲಿ ದತ್ತಾಂಶ ವಿಜ್ಞಾನ ಮತ್ತು ಕೃತಕ ಬುದ್ಧಿಮತ್ತೆಯ ಪತ್ರಿಕೆ ಸೇರಿ, ಪತ್ರಿಕೆಗಳ ಸಂಖ್ಯೆ 30ಕ್ಕೆ ಏರಿತು.

ಮೂರನೆಯ ಹಂತ ಇನ್ನೂ ಮಹತ್ವದ್ದು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2024ರಲ್ಲಿ ಪ್ರಕಟಿಸಿದ ಸ್ನಾತಕೋತ್ತರ ಪಠ್ಯಕ್ರಮದ ಚೌಕಟ್ಟಿನ ಪ್ರಕಾರ, ವಿಜ್ಞಾನ, ತಂತ್ರಜ್ಞಾನ ಮತ್ತು ಗಣಿತ ವಿಷಯಗಳಲ್ಲಿ ನಾಲ್ಕು ವರ್ಷಗಳ ಪದವಿ ಪಡೆದವರು, ಮೂರು ವರ್ಷಗಳ ಪದವಿಯ ಮೇಲೆ ಎರಡು ವರ್ಷಗಳ ಸ್ನಾತಕೋತ್ತರ ಪದವಿ ಪಡೆದವರು ಹಾಗೂ ಐದು ವರ್ಷಗಳ ಸಂಯೋಜಿತ ಪದವಿ ಪಡೆದವರು ಸಂಬಂಧಿತ ಕ್ಷೇತ್ರಗಳ ಎಂ.ಟೆಕ್. ಪ್ರವೇಶಕ್ಕೆ ಅರ್ಹರು. ಹಿಂದೆ ವಿನಾಯಿತಿಯಂತಿದ್ದ ದಾರಿ ಈಗ ನಿಯಮದ ರೂಪ ಪಡೆದಿದೆ.

ಕರ್ನಾಟಕದ ಸ್ಥಿತಿ

ಈ ನಿಯಮ ಎಲ್ಲರಿಗೂ ಒಂದೇ ರೀತಿಯಲ್ಲಿ ಅನ್ವಯವಾಗುವಂತೆ ಕಂಡರೂ ಅದರ ಫಲ ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗುತ್ತದೆ. ಕರ್ನಾಟಕವು 2021-22ರಲ್ಲಿ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯನ್ನು ಜಾರಿಗೆ ತಂದಿತು. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಬಳಿಕ, 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಿತು. ಆ ನಿರ್ಧಾರಕ್ಕೆ ಅದರದೇ ಆದ ಶೈಕ್ಷಣಿಕ ಮತ್ತು ಸಾಮಾಜಿಕ ಕಾರಣಗಳಿದ್ದವು. ಆದರೆ ಎಂ.ಟೆಕ್. ಪ್ರವೇಶದ ದೃಷ್ಟಿಯಿಂದ ಲೆಕ್ಕ ಹೀಗಾಗುತ್ತದೆ: ನಾಲ್ಕು ವರ್ಷಗಳ ಬಿ.ಎಸ್ಸಿ. ಮುಗಿಸಿದ ವಿದ್ಯಾರ್ಥಿನಿ ಆರು ವರ್ಷಗಳಲ್ಲಿ ಎಂ.ಟೆಕ್. ಪಡೆಯಬಲ್ಲಳು, ಮೂರು ವರ್ಷಗಳ ಬಿ.ಎಸ್ಸಿ. ಮುಗಿಸಿದವಳು ಎಂ.ಎಸ್ಸಿ. ಪೂರೈಸಿಯೇ ಬರಬೇಕಾದುದರಿಂದ ಆಕೆಗೆ ಏಳು ವರ್ಷ ಬೇಕು. ಏಳು ವರ್ಷಗಳ ಕೊನೆಗೆ ಆಕೆಯ ಬಳಿ ಎರಡು ಸ್ನಾತಕೋತ್ತರ ಪದವಿಗಳಿರುತ್ತವೆ ಎಂಬುದು ನಿಜ. ಆದರೆ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದುವ ಹೆಣ್ಣುಮಗಳ ಮನೆಯಲ್ಲಿ ಒಂದು ವರ್ಷವೆಂದರೆ ಸಣ್ಣ ವೆಚ್ಚವಲ್ಲ.

ಇದರ ಜೊತೆಗೆ ರಾಜ್ಯದ ಪ್ರವೇಶ ಪದ್ಧತಿಯನ್ನೂ ಗಮನಿಸಬೇಕು. ಎಂಜಿನಿಯರಿಂಗ್ ಪದವೀಧರರಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸ್ನಾತಕೋತ್ತರ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ನಡೆಸುತ್ತ ಬಂದಿದೆ. ಅದರಲ್ಲಿ ಗೇಟ್ ಅರ್ಹತೆ ಪಡೆದವರಿಗೆ ಆದ್ಯತೆ ನೀಡಿ, ಉಳಿದ ಸ್ಥಾನಗಳನ್ನು ರಾಜ್ಯದ ಪರೀಕ್ಷೆಯ ಮೂಲಕ ತುಂಬಲಾಗುತ್ತದೆ. ಪದವಿಯಲ್ಲಿ ಶೇ. 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಪ್ರವರ್ಗ-1ಕ್ಕೆ ಸೇರಿದವರಿಗೆ ಶೇ. 45 ಅಂಕಗಳು ಕನಿಷ್ಠ ಅರ್ಹತೆ. ಹೀಗೆ ಒಂದೇ ತರಗತಿಯಲ್ಲಿ ಎರಡು ಬಗೆಯ ವಿದ್ಯಾರ್ಥಿಗಳು ಕುಳಿತಿರುತ್ತಾರೆ. ಗೇಟ್ ಅರ್ಹತೆ ಇದ್ದವರು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಶಿಷ್ಯವೇತನಕ್ಕೆ ಅರ್ಹರಾಗುತ್ತಾರೆ. 2014ರಲ್ಲಿ ಇದನ್ನು ತಿಂಗಳಿಗೆ 8,000 ರೂಪಾಯಿಗಳಿಂದ 12,400 ರೂಪಾಯಿಗಳಿಗೆ ಏರಿಸಲಾಯಿತು. ರಾಜ್ಯದ ಪರೀಕ್ಷೆಯ ಮೂಲಕ ಬಂದವರಿಗೆ ಈ ನೆರವು ಇಲ್ಲ. ಪ್ರವೇಶ ದೊರೆಯುವುದು ಬೇರೆ, ಓದನ್ನು ಪೂರೈಸುವ ಅನುಕೂಲ ದೊರೆಯುವುದು ಬೇರೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಪ್ರವೇಶದ ನಿಯಮ ಮತ್ತು ವೃತ್ತಿಯ ನಿಯಮ

ಎಲ್ಲಕ್ಕಿಂತ ಗಂಭೀರವಾದ ಅಂಶ ಪದವಿ ಪಡೆದ ನಂತರದ್ದು. ತಾಂತ್ರಿಕ ಶಿಕ್ಷಣ ಪರಿಷತ್ತು 2019ರಲ್ಲಿ ಹೊರಡಿಸಿದ ನಿಯಮಗಳು ಎಂಜಿನಿಯರಿಂಗ್ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂಬಂಧಿಸಿದ ಶಾಖೆಯಲ್ಲಿ ಸ್ನಾತಕ ಮತ್ತು ಸ್ನಾತಕೋತ್ತರ ಎರಡೂ ತಾಂತ್ರಿಕ ಪದವಿಗಳನ್ನು ನಿಗದಿಪಡಿಸಿದವು. ಎರಡರಲ್ಲಿ ಒಂದರಲ್ಲಿ ಪ್ರಥಮ ದರ್ಜೆ ಇರಬೇಕೆಂದು ವಿಧಿಸಿದವು. ವಿಜ್ಞಾನ ಪದವಿಯಿಂದ ಎಂ.ಟೆಕ್.ಗೆ ಬಂದವರನ್ನು ಈ ಮಾನದಂಡದಿಂದಲೇ ಅಳೆದರೆ ಅವರ ಕೈಯಲ್ಲಿ ಎಂ.ಟೆಕ್. ಇದ್ದರೂ ಸ್ನಾತಕ ಹಂತದ ಪದವಿ ಪ್ರಶ್ನೆಗೊಳಗಾಗುತ್ತದೆ. ಒಂದು ಸಂಸ್ಥೆ ತೆರೆದ ಬಾಗಿಲಿನಿಂದ ಒಳಬಂದವರನ್ನು ಇನ್ನೊಂದು ಸಂಸ್ಥೆಯ ನಿಯಮ ತಡೆಯುವಂತಾಗಬಾರದು. ಪ್ರವೇಶಾರ್ಹತೆಯನ್ನು ವಿಸ್ತರಿಸುವಾಗ ನೇಮಕಾತಿಯ ಅರ್ಹತೆಯನ್ನೂ ಜೊತೆಯಲ್ಲೇ ಪರಿಷ್ಕರಿಸುವುದು ಅಗತ್ಯ.

ಹಾಗೆಂದು ಎಲ್ಲ ಶಾಖೆಗಳಿಗೂ ಒಂದೇ ಮಾತು ಸಲ್ಲದು. ದತ್ತಾಂಶ ವಿಜ್ಞಾನಕ್ಕೆ ಗಣಿತದ ಪದವೀಧರರು ಸಹಜವಾಗಿ ಹೊಂದಿಕೊಳ್ಳುತ್ತಾರೆ. ಕಟ್ಟಡ ರಚನೆಯ ವಿನ್ಯಾಸವನ್ನು ಕಲಿಯಬೇಕಾದ ಭೌತವಿಜ್ಞಾನದ ಪದವೀಧರನಿಗೆ ವಸ್ತುಗಳ ಬಲ, ನಕ್ಷಾರಚನೆ, ಪ್ರಯೋಗಾಲಯದ ಅಭ್ಯಾಸ ಎಲ್ಲವೂ ಹೊಸದು. ಅಂಥವರಿಗೆ ಮೊದಲ ಅರ್ಧವರ್ಷದಲ್ಲೇ ಪೂರಕ ಪಠ್ಯಗಳು ಇರಬೇಕು. ಬಾಗಿಲಲ್ಲಿ ಮಾಡದ ಪರೀಕ್ಷೆಯ ಹೊಣೆ ತರಗತಿಯ ಮೇಲೆ ಬೀಳುತ್ತದೆ. ಅದನ್ನು ಹೊರಲು ಅಧ್ಯಾಪಕರೂ ಪ್ರಯೋಗಾಲಯಗಳೂ ಸಿದ್ಧವಾಗಿರಬೇಕಾಗುತ್ತದೆ.

ಸಮಾರೋಪ

ಪದವಿಯ ಹೆಸರಿನಿಂದ ಸಾಮರ್ಥ್ಯದ ಕಡೆಗೆ ಸಾಗಿರುವುದು ಈ ನಾಲ್ಕು ದಶಕಗಳ ಮುಖ್ಯ ಪ್ರವೃತ್ತಿ, ಅದು ಸ್ವಾಗತಾರ್ಹ. ಆದರೆ ಪೂರಕ ಪಠ್ಯ, ಶಿಷ್ಯವೇತನ ಮತ್ತು ವೃತ್ತಿಯ ಮನ್ನಣೆ ಜೊತೆಗೂಡದಿದ್ದರೆ ಬದಲಾದ ಪ್ರವೇಶಾರ್ಹತೆ ಕಾಗದದ ಮೇಲಿನ ಅವಕಾಶವಾಗಿಯೇ ಉಳಿಯುತ್ತದೆ. ಕರ್ನಾಟಕದ ಮಟ್ಟಿಗೆ, ಮೂರು ವರ್ಷಗಳ ಪದವಿ ಮುಗಿಸುವ ವಿಜ್ಞಾನ ವಿದ್ಯಾರ್ಥಿಗಳಿಗೆ ಎಂ.ಎಸ್ಸಿ. ಮತ್ತು ಎಂ.ಟೆಕ್.ಗಳ ನಡುವೆ ಪಾಠಗಳ ಪುನರಾವರ್ತನೆಯನ್ನು ತಪ್ಪಿಸುವ ಕ್ರಮವನ್ನು ವಿಶ್ವವಿದ್ಯಾಲಯಗಳು ರೂಪಿಸುವುದು ಈ ದಿಕ್ಕಿನ ಮೊದಲ ಕಾರ್ಯವಾಗಬಹುದು.