ಸದ್ದಿಲ್ಲದ ಕಾರು, ನನ್ನ ಒಂದು ತಪ್ಪು ಉತ್ತರ

ಲಕ್ಕೂರಿನ ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಗೆ ಹೋದಾಗ 10ನೇ ತರಗತಿಯ ‘ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು’ ಘಟಕ ನನ್ನ ಪಾಲಿಗೆ ಬಂತು. ಮಾರ್ಗದರ್ಶಕ ಶಿಕ್ಷಕರು ಮಾಲೂರಿನಿಂದ ತಮ್ಮ ವಿದ್ಯುತ್ ಕಾರಿನಲ್ಲಿ ಬರುತ್ತಿದ್ದರು. ಒಂದು ಮಧ್ಯಾಹ್ನ ಕಾರನ್ನು ಹೊಂಗೆ ಮರದ ನೆರಳಿಗೆ ನಿಲ್ಲಿಸಲು ನನಗೆ ಹೇಳಿದರು. ನಾನು ಕಲಿತದ್ದು ಪೆಟ್ರೋಲ್ ಕಾರಿನಲ್ಲಿ. ಬ್ರೇಕ್ ತುಳಿದು ಗುಂಡಿ ಒತ್ತಿದೆ, ‘ಡಿ’ಗೆ ಹಾಕಿದೆ. ಸದ್ದೇ ಇಲ್ಲ. ಸ್ಟಾರ್ಟ್ ಆಗಿಲ್ಲವೆಂದುಕೊಂಡು ಆಕ್ಸಿಲರೇಟರ್ ತುಳಿದೆ. ಕಾರು ಮುಂದಕ್ಕೆ ಚಿಮ್ಮಿತು. ಗಾಬರಿಯಲ್ಲಿ ಬ್ರೇಕ್ ಒತ್ತಿ ನಿಲ್ಲಿಸಿದಾಗ, ತಟ್ಟೆ ತೊಳೆಯಲು ಸಾಲು ನಿಂತಿದ್ದ ಮಕ್ಕಳು ಎರಡು ಮಾರು ದೂರದಲ್ಲಿದ್ದರು.

“ಕಿವೀಲಿ ಅಲ್ಲಮ್ಮ, ಕಣ್ಣಲ್ಲಿ ನೋಡ್ಬೇಕು,” ಎಂದರು ಸರ್, ಮೀಟರಿನಲ್ಲಿದ್ದ ‘ರೆಡಿ’ ದೀಪ ತೋರಿಸಿ. ಪೆಟ್ರೋಲ್ ಎಂಜಿನ್ ನಿಂತಲ್ಲೂ ತಿರುಗುತ್ತಲೇ ಇರಬೇಕು. ಅದರ ಸದ್ದೇ ನಮಗೆ ಸೂಚನೆ. ಮೋಟರಿಗೆ ಆ ಅಗತ್ಯವಿಲ್ಲ. ನಿಶ್ಚಲ ಸ್ಥಿತಿಯಿಂದಲೇ ಅದು ಪೂರ್ಣ ಬಲದಿಂದ ತಿರುಗಬಲ್ಲದು. ಹಾಗಾಗಿ ‘ರೆಡಿ’ ದೀಪ ಉರಿಯುತ್ತಿದ್ದರೆ ಕಾರು ಹೊರಡಲು ಸಿದ್ಧವಿದೆ ಎಂದೇ ಅರ್ಥ. ಗೇಟು ತೆಗೆಯಲು ಇಳಿಯುವವರು ‘ಪಿ’ಗೆ ಹಾಕಿ, ಆಫ್ ಮಾಡಿಯೇ ಇಳಿಯಬೇಕು. ದಾರಿಯಲ್ಲಿ ನಡೆಯುವವರಿಗೂ ಈ ಮೌನ ಅಪಾಯವೇ. ಯುರೋಪಿನಲ್ಲಿ 2019ರ ಜುಲೈನಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳು ನಿಧಾನ ವೇಗದಲ್ಲಿ ಎಚ್ಚರಿಕೆಯ ಶಬ್ದ ಹೊರಡಿಸುವುದು ಕಡ್ಡಾಯವಾಗಿದೆ.

ಆಮೇಲೆ ಸರ್ ಒಬ್ಬ ಹುಡುಗನನ್ನು ಕೂರಿಸಿಕೊಂಡು ಮೈದಾನದಲ್ಲಿ ಒಂದು ಸುತ್ತು ಹಾಕಿದರು. ಇಳಿದವನು ನನ್ನನ್ನು ಕೇಳಿದ: “ಮಿಸ್, ನಮ್ಮಪ್ಪನ ಟೆಂಪೊ ನ್ಯೂಟ್ರಲ್ ಆದ್ರೆ ಉರುಳ್ಕೊಂಡೇ ಹೋಗತ್ತೆ. ಇದು ಕಾಲು ತೆಗೆದ ತಕ್ಷಣ ಯಾಕೆ ಹಿಡಿದಂಗಾಯ್ತು?” ಘರ್ಷಣೆ ಎಂದುಬಿಟ್ಟೆ. ಅವನು ತಲೆಯಾಡಿಸಿದ, ಒಪ್ಪಿದಂತೆ ಕಾಣಲಿಲ್ಲ. ಘರ್ಷಣೆ ಟೆಂಪೊಗೂ ಇದೆಯಲ್ಲ!

ಮರುದಿನ ಪಾಠಯೋಜನೆ ಬದಿಗಿಟ್ಟು, ಮಕ್ಕಳ ಪ್ರಾಜೆಕ್ಟ್‌ಗಳಿಗೆ ಬಳಸುವ, ಗೇರ್ ಇರುವ ಸಣ್ಣ ಡಿಸಿ ಮೋಟರ್ ತಂದೆ. ಸೆಲ್ ಜೋಡಿಸಿದರೆ ಚಕ್ರ ತಿರುಗಿತು. ಸೆಲ್ ತೆಗೆದು ಎಲ್‌ಇಡಿ ಜೋಡಿಸಿ ಚಕ್ರವನ್ನು ಕೈಯಿಂದ ತಿರುಗಿಸಿದರೆ ದೀಪ ಹೊತ್ತಿತು. (ಒಂದು ದಿಕ್ಕಿನಲ್ಲಿ ಮಾತ್ರ. ಇನ್ನೊಂದು ದಿಕ್ಕಿಗೆ ತಿರುಗಿಸಿದವರು ಮೋಟರ್ ಕೆಟ್ಟಿದೆ ಎಂದರು. ಅದೇ ಇನ್ನೊಂದು ಪಾಠವಾಯಿತು.) ಕೊನೆಗೆ ಎರಡು ತಂತಿಗಳನ್ನೇ ಒಂದಕ್ಕೊಂದು ಸೇರಿಸಿ ತಿರುಗಿಸಲು ಹೇಳಿದೆ. “ಬಿಗಿ ಆಯ್ತು ಮಿಸ್!” ಎಂದ ಅದೇ ಹುಡುಗ. ಉತ್ತರ ಅವನ ಬೆರಳಿಗೇ ಸಿಕ್ಕಿತ್ತು. ಕಾಲು ತೆಗೆದಾಗ ಕಾರಿನ ಮೋಟರ್ ಜನಕವಾಗುತ್ತದೆ. ಚಲನಶಕ್ತಿಯ ಒಂದು ಭಾಗ ಬ್ಯಾಟರಿಗೆ ಮರಳುತ್ತದೆ, ಆ ಪ್ರವಾಹವೇ ಚಕ್ರವನ್ನು ಹಿಡಿಯುತ್ತದೆ. ಅದು ದೋಷವಲ್ಲ. ಆದರೆ ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಶಕ್ತಿ ತುಂಬಲು ಜಾಗವಿರುವುದಿಲ್ಲ. ಆಗ ಈ ಹಿಡಿತ ಕಡಿಮೆಯಾಗುತ್ತದೆ. ನಿನ್ನೆ ಸಂಜೆಯಂತೆ ತಾನೇ ನಿಧಾನಿಸುತ್ತದೆಂದು ಬೆಳಿಗ್ಗೆ ನಂಬಬಾರದು, ಕಾಲು ಬ್ರೇಕಿನ ಮೇಲಿರಬೇಕು.

“ನಮ್ಮನೇಲೂ ಚಾರ್ಜ್ ಮಾಡ್ಬಹುದಾ?” ಎಂಬ ಪ್ರಶ್ನೆ ಬಂತು. ಬೆಂಗಳೂರಿನಲ್ಲಿ 2001ರಲ್ಲೇ ಮಾರಾಟಕ್ಕೆ ಬಂದ ರೇವಾ ಕಾರು ಕೂಡ ಮನೆಯ 15 ಆಂಪಿಯರ್ ಸಾಕೆಟ್ಟಿನಿಂದಲೇ ಚಾರ್ಜ್ ಆಗುತ್ತಿತ್ತು. ಆದರೆ ಅದಕ್ಕೆ ಸರಿಯಾದ ಅರ್ಥಿಂಗ್ ಮತ್ತು ಪ್ರತ್ಯೇಕ ವೈರಿಂಗ್ ಬೇಕು. ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು: 230 × 15 = 3450 ವ್ಯಾಟ್. 6 ಆಂಪಿಯರ್‌ನ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಅಷ್ಟು ಪ್ರವಾಹ ಗಂಟೆಗಟ್ಟಲೆ ಹರಿದರೆ? ಪ್ರವಾಹ ಎರಡೂವರೆ ಪಟ್ಟು. ಉಷ್ಣ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು 6.25 ಪಟ್ಟು.

ಮರುದಿನ ಒಬ್ಬ ಹುಡುಗಿ ಮನೆಯ ಎಕ್ಸ್‌ಟೆನ್ಷನ್ ಬಾಕ್ಸಿನ ಹಿಂದಿದ್ದ ‘6ಎ’ ಎಂಬುದನ್ನು ಚೀಟಿಯಲ್ಲಿ ಬರೆದು ತಂದಿದ್ದಳು. ಅದರಲ್ಲಿ ಅವರು ನೀರು ಕಾಯಿಸುವ ಕಾಯಿಲ್ ಹಾಕುತ್ತಿದ್ದರಂತೆ.