ಗಿಟಾರ್ ಪೆಟ್ಟಿಗೆಯೊಳಗೊಂದು ಗೋಳಗುಮ್ಮಟ!

ಸೊಲ್ಲಾಪುರ: 'ಅಪ್ಪಾ, ಈ ಪೆಟ್ಟಿಗ್ಯಾಗ ಆ ಸೌಂಡ್ ಬರೂದಿಲ್ಲ, ಹೊಸಾದು ಕೊಡ್ಸು...' ಮನೆಯಲ್ಲಿ ಗಿಟಾರ್ ಹಿಡಿದ ಮಗನೋ ಮಗಳೋ ಇದ್ದರೆ ಈ ಮಾತು ಇಂದಲ್ಲ ನಾಳೆ ಕಿವಿಗೆ ಬಿದ್ದೇ ಬೀಳುತ್ತದೆ. 'ಆ ಸೌಂಡ್' ಅಂದರೆ ಯಾವುದು? ಒಂದು ತಂತಿ ಮೀಟಿದರೆ ಸಾಕು, ದೊಡ್ಡ ಗುಡಿಯೊಳಗೆ ನುಡಿಸಿದಂತೆ ನಾದ ನಾಲ್ಕೂ ಕಡೆ ಹರಡಿ ನಿಧಾನಕ್ಕೆ ಕರಗಬೇಕು. ಅದಕ್ಕೆ ಆಂಬಿಯೆಂಟ್ ರಿವರ್ಬ್ ಎನ್ನುತ್ತಾರೆ.

ಇದೊಂದೇ ಕೆಲಸಕ್ಕೆ ಹತ್ತಾರು ಸಾವಿರ ರೂಪಾಯಿಯ ಪೆಡಲ್‌ಗಳು ಪೇಟೆಯಲ್ಲಿವೆ. ಆದರೆ ಮನೆಯ ಮೂಲೆಯಲ್ಲಿರುವ ಹಳೆಯ ಬಾಸ್, ಜೂಮ್ ಅಥವಾ ಡಿಜಿಟೆಕ್ ಪ್ರೊಸೆಸರ್‌ನಲ್ಲೂ ಆ ನಾದದ ಬಹುಪಾಲು ಅಡಗಿ ಕೂತಿರುತ್ತದೆ. ರೊಕ್ಕ ಬಿಚ್ಚುವ ಮುನ್ನ ನಾಲ್ಕು ಗುಂಡಿ ತಿರುಗಿಸಿ ನೋಡುವುದು ಜಾಣತನ.

ಮಾರ್ದನಿ ಬೇರೆ, ಅನುರಣನ ಬೇರೆ

ಇದನ್ನು ತಿಳಿಯಲು ನಮ್ಮ ಕಡೆಯವರು ದೂರ ಹೋಗಬೇಕಿಲ್ಲ. ಸೊಲ್ಲಾಪುರದಿಂದ ನೂರು ಕಿ.ಮೀ. ಆಸುಪಾಸಿನಲ್ಲಿ, ಜತ್ತಕ್ಕೆ ಇನ್ನೂ ಹತ್ತಿರದಲ್ಲಿ ವಿಜಯಪುರದ ಗೋಳಗುಮ್ಮಟವಿದೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಸಮಾಧಿ ಅದು. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಮೇಲಿನ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ, ಸದ್ದು ಎದುರು ಗೋಡೆಗೆ ಬಡಿದು ವಾಪಸ್ ಬರಲು 76 ಮೀಟರ್ ದಾರಿ. ಅಂದರೆ 0.22 ಸೆಕೆಂಡ್. ಇಷ್ಟು ತಡವಾಗಿ ಬಂದ ಸದ್ದು ಕಿವಿಗೆ ಬೇರೆಯಾಗಿಯೇ ಕೇಳುತ್ತದೆ. ಇದು ಮಾರ್ದನಿ. ಪೆಟ್ಟಿಗೆಯ ಭಾಷೆಯಲ್ಲಿ 'ಡಿಲೇ'.

ಗೋಡೆ, ನೆಲ, ಮಾಳಿಗೆಗೆ ಬಡಿದ ನೂರಾರು ಮರುಸದ್ದುಗಳು ಒಂದರ ಮೇಲೊಂದು ಬಿದ್ದು, ಬಿಡಿಸಲಾಗದಂತೆ ಬೆರೆತರೆ ಅದು ಅನುರಣನ. ಅದೇ 'ರಿವರ್ಬ್'. ಆಂಬಿಯೆಂಟ್ ನಾದಕ್ಕೆ ಇವೆರಡೂ ಕೈಜೋಡಿಸಬೇಕು.

ತಗಡಿನಿಂದ ಚಿಪ್ಪಿಗೆ

1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ಉಕ್ಕಿನ ದೊಡ್ಡ ತಗಡನ್ನು ಬಿಗಿದು, ನಡುಗಿಸಿ ಅನುರಣನ ಹೊರಡಿಸುವ ಯಂತ್ರ ತಂದಿತು. ತೂಕ 250 ಕಿಲೋಗೂ ಹೆಚ್ಚು! ಇಂದಿನ ಪ್ರೊಸೆಸರ್‌ಗಳಲ್ಲಿ 'ಪ್ಲೇಟ್' ಎಂಬ ಆಯ್ಕೆ ಇದೆಯಲ್ಲ, ಅದು ಈ ತಗಡಿನ ನೆನಪೇ. 1960ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಮ್ಯಾನ್‌ಫ್ರೆಡ್ ಶ್ರೋಡರ್ ಇದನ್ನು ಬರೀ ಲೆಕ್ಕದಿಂದ ಮಾಡುವ ದಾರಿ ತೋರಿಸಿದರು. ಸದ್ದನ್ನು ಅಂಕಿಯಾಗಿಸಿ, ಕ್ಷಣ ಹೊತ್ತು ಹಿಡಿದಿಟ್ಟು, ತುಸು ತಗ್ಗಿಸಿ ಮತ್ತೆ ಬಿಡುವುದು. ಇಂಥ ಹಲವು ಸುತ್ತುಗಳ ಅವಧಿ ಒಂದಕ್ಕೊಂದು ಹೊಂದದಂತೆ ಇಟ್ಟರೆ ಮರುಸದ್ದುಗಳು ಗುಂಪಾಗಿ ಬೆರೆಯುತ್ತವೆ. ನಿಮ್ಮ ಪೆಟ್ಟಿಗೆಯ ಚಿಪ್ಪು ಮಾಡುವ ಲೆಕ್ಕವೂ ಬಹುಮಟ್ಟಿಗೆ ಇದೇ ಜಾತಿಯದು.

'ಆಂಬಿಯೆಂಟ್' ಎಂಬ ಹೆಸರನ್ನು ಈ ಬಗೆಯ ಸಂಗೀತಕ್ಕೆ ಊರಿದವರು ಬ್ರಿಟನ್ನಿನ ಬ್ರಯಾನ್ ಈನೋ, ತಮ್ಮ 1978ರ ಆಲ್ಬಂ ಮೂಲಕ.

ಹೀಂಗ ಮಾಡಿ ನೋಡ್ರಿ

* ಸಾಲು ಮೊದಲು ಸರಿ ಇರಲಿ. ಡಿಸ್ಟಾರ್ಶನ್ ಮೊದಲು, ಆಮೇಲೆ ಡಿಲೇ, ಕೊನೆಗೆ ರಿವರ್ಬ್. ರಿವರ್ಬ್ ಮುಂದೆ ಹೋಗಿ ಡಿಸ್ಟಾರ್ಶನ್ ಹಿಂದೆ ಬಿದ್ದರೆ ನಾದವೆಲ್ಲ ರಾಡಿ.

* 'ಹಾಲ್' ಆರಿಸಿ. ಡಿಕೇ 4ರಿಂದ 6 ಸೆಕೆಂಡ್. ಪೆಟ್ಟಿಗೆಯಲ್ಲಿ ಸೆಕೆಂಡ್ ತೋರಿಸದಿದ್ದರೆ, ಒಮ್ಮೆ ಮೀಟಿ ತಂತಿಗಳನ್ನು ಅಂಗೈಯಿಂದ ಮುಚ್ಚಿ ಬಾಲ ಕರಗುವವರೆಗೆ ಎಣಿಸಿ.

* ಮಿಕ್ಸ್ 40ರ ಆಸುಪಾಸು. ಪ್ರಿ-ಡಿಲೇ ಇದ್ದರೆ 50 ಮಿಲಿಸೆಕೆಂಡ್. ಆಗ ಮೀಟಿದ ಸ್ವರ ಮೊದಲು ಸ್ಪಷ್ಟವಾಗಿ ಕೇಳಿ, ಅನುರಣನ ಅದರ ಹಿಂದೆ ಬರುತ್ತದೆ.

* ಡಿಲೇ 220 ಮಿಲಿಸೆಕೆಂಡ್ ಇಡಿ. ಗುಮ್ಮಟದ ಎದುರು ಗೋಡೆಯ ಲೆಕ್ಕವೇ ಇದು! ಇನ್ನೂ ವಿಶಾಲ ಬೇಕೆಂದರೆ 450ಕ್ಕೆ ಏರಿಸಿ. ಫೀಡ್‌ಬ್ಯಾಕ್ 30, ಮಿಕ್ಸ್ 25 ದಾಟದಿರಲಿ.

* ಟೋನ್ ಅಥವಾ ಹೈ ಕಟ್ ತಗ್ಗಿಸಿ. ಅಗ್ಗದ ಪೆಟ್ಟಿಗೆಯ ರಿವರ್ಬ್ ತಗಡಿನಂತೆ ಕೇಳುವುದು ಹೆಚ್ಚಾಗಿ ಮೇಲಿನ ಚುರುಕು ಸದ್ದಿನಿಂದಲೇ. ಅದನ್ನು ಕತ್ತರಿಸಿದರೆ ಅರ್ಧ ರೋಗ ವಾಸಿ.

* ಗಿಟಾರಿನ ವಾಲ್ಯೂಮ್ ಗುಂಡಿ ಸೊನ್ನೆಗಿಟ್ಟು ಮೀಟಿ, ಕಿರುಬೆರಳಿನಿಂದ ಮೆಲ್ಲಗೆ ಏರಿಸಿ. ಮೀಟಿದ ಪೆಟ್ಟು ಮಾಯವಾಗಿ ಪಿಟೀಲಿನಂತೆ ನಾದ ಉಬ್ಬುತ್ತದೆ. ವಾಲ್ಯೂಮ್ ಪೆಡಲ್ ಬಳಸುವವರು ಅದನ್ನು ಡಿಲೇ, ರಿವರ್ಬ್‌ಗಿಂತ ಮುಂಚೆ ಇಡಬೇಕು. ಹಿಂದಿಟ್ಟರೆ ಕಾಲು ಎತ್ತಿದೊಡನೆ ಬಾಲವೂ ಕತ್ತರಿಸಿ ಹೋಗುತ್ತದೆ.

ಕೆಲವು ಹಳೆಯ ಪೆಟ್ಟಿಗೆಗಳಲ್ಲಿ ಡಿಲೇ, ರಿವರ್ಬ್ ಎರಡಕ್ಕೂ ಒಂದೇ ಜಾಗ, ಒಂದನ್ನಷ್ಟೇ ಆರಿಸಬೇಕು. ಆಗ ಹಾಲ್ ರಿವರ್ಬ್ ಇಟ್ಟುಕೊಂಡು ಡಿಕೇ ಉದ್ದ ಮಾಡಿ. ಎರಡು ಔಟ್‌ಪುಟ್ ಇದ್ದರೆ ಹೆಡ್‌ಫೋನ್‌ನಲ್ಲಿ ಸ್ಟೀರಿಯೋ ಕೇಳಿ. ಒಂದೇ ಆಂಪ್‌ನಲ್ಲಿ ಚಪ್ಪಟೆಯಾಗಿದ್ದದ್ದು ಅಲ್ಲಿ ಅರಳುತ್ತದೆ.

ಭೂಪ ರಾಗ ಒಳ್ಳೆಯ ಜೊತೆ

ಆರು ಸೆಕೆಂಡ್ ಬಾಲ ಇರುವಾಗ ಸರಸರನೆ ನುಡಿಸಿದರೆ ಹಿಂದಿನ ಸ್ವರ ಹೋಗುವ ಮುನ್ನ ಹೊಸದು ಬಂದು ಜಗಳವಾಡುತ್ತದೆ. ಅಕ್ಕಪಕ್ಕದ ಗ-ಮ, ನಿ-ಸ ಬೆರೆತರಂತೂ ಕಿವಿಗೆ ಕಿರಿಕಿರಿ. ಅದಕ್ಕೇ ಕಲಿಯುವವರು ಭೂಪದಿಂದ ಶುರು ಮಾಡಿದರೆ ಚೆಂದ. ದಕ್ಷಿಣದ ಮೋಹನವೂ ಇದೇ ಸ್ವರಗಳದು. ಸ ರಿ ಗ ಪ ಧ... ಐದರಲ್ಲಿ ಯಾವ ಎರಡೂ ಅಷ್ಟು ಒತ್ತೊತ್ತಾಗಿ ಕೂತಿಲ್ಲ. ಬಾಲಗಳು ಬೆರೆತರೂ ತಂಬೂರಿ ಮೀಟಿದಂತೆ ಹಿತ. ಎರಡು ಸ್ವರ ನುಡಿಸಿ, ಸುಮ್ಮನೆ ಕೂತು ಕೇಳಿ, ಆಮೇಲೆ ಮೂರನೆಯದು. ಈ ತಾಳ್ಮೆಯನ್ನು ಎಷ್ಟು ದುಬಾರಿ ಪೆಡಲೂ ಕೊಡಲಾರದು.

ಪದ ಮುಳುಗಬಾರದು

ಮನೆಯಲ್ಲಿ ಚೆಂದ ಕೇಳಿದ ಸೆಟ್ಟಿಂಗ್ ಸಭಾಭವನದಲ್ಲಿ ಕೆಡುವುದುಂಟು. ತಗಡಿನ ಶೆಡ್, ಬೋಳು ಗೋಡೆಯ ಹಾಲ್ ತಾವೇ ಗುಂಯ್‌ಗುಡುತ್ತವೆ. ಅದರ ಮೇಲೆ ಪೆಟ್ಟಿಗೆಯ ಅನುರಣನ, ಮೈಕಿನವರ ಎಕೋ ಬೇರೆ ಸೇರಿದರೆ ಹಾಡಿನ ಮಾತೇ ಅಳಿಸಿ ಹೋಗುತ್ತದೆ. ಅಕ್ಕಲಕೋಟೆಯಲ್ಲೋ ಜತ್ತದಲ್ಲೋ ಮಕ್ಕಳು ವೇದಿಕೆ ಏರಿ ಕನ್ನಡ ಪದ ಹಾಡುತ್ತಿದ್ದರೆ, ಹಿಂದಿನ ಸಾಲಿನ ಅಜ್ಜಿಗೂ ಪ್ರತಿ ಅಕ್ಷರ ತಿಳಿಯಬೇಕು. ದನಿ ಶುರುವಾದೊಡನೆ ಗಿಟಾರಿನ ರಿವರ್ಬ್ ಮಿಕ್ಸ್ 15ಕ್ಕೆ, ಡಿಕೇ 2 ಸೆಕೆಂಡಿಗೆ ಇಳಿಸಿ. ಇದನ್ನೇ ಎರಡನೇ ಪ್ಯಾಚ್ ಆಗಿ ಸೇವ್ ಮಾಡಿಟ್ಟರೆ ಕಾಲಿನಿಂದ ಒಂದು ಒತ್ತು ಸಾಕು.

ಕೊನೆಗೊಂದು ಎಚ್ಚರಿಕೆ. ಕಪಾಟಿನಿಂದ ಹಳೆಯ ಪೆಟ್ಟಿಗೆ ತೆಗೆದಾಗ ಕೈಗೆ ಸಿಕ್ಕ ಅಡಾಪ್ಟರ್ ಚುಚ್ಚಬೇಡಿ. ಬಹುತೇಕ ಪೆಡಲ್‌ಗಳಿಗೆ 9 ವೋಲ್ಟ್, ನಡುವಿನ ತುದಿ ಮೈನಸ್ ಬೇಕು. ಕೆಲವಕ್ಕೆ ಎ.ಸಿ. ಅಡಾಪ್ಟರ್ ಬೇಕಾಗುತ್ತದೆ. ಹಿಂಬದಿಯ ಬರಹ ಓದಿಯೇ ಸ್ವಿಚ್ ಹಾಕಿ. ಉಲ್ಟಾ ಆದರೆ ಪೆಟ್ಟಿಗೆ ಸುಟ್ಟೀತು, ಆಗ ಹೊಸದು ತರೋದು ಖರೇನೇ ಅನಿವಾರ್ಯ!