ಗೊಂಬೆಯ ಬಣ್ಣ, ಗೊಂಬೆಯ ನೆಲ

ಗೊಂಬೆಗೆ ಬಣ್ಣವಿಡುವುದು ಬಲಿತವರ ಕೆಲಸವೇ ಎಂದು ಕೇಳುವವರುಂಟು. ಪಶ್ಚಿಮದ ನಾಡುಗಳಲ್ಲಿ ಅದೊಂದು ಗಂಭೀರ ಹವ್ಯಾಸ. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಕಲ್ಪನಾಲೋಕದ ಆಟ ಪ್ರಕಟವಾದ ಮೇಲೆ, ಅಂಥ ಆಟಗಳ ರಾಕ್ಷಸರೂ ಮಾಂತ್ರಿಕರೂ ಅಂಗುಲದೆತ್ತರದ ಸೀಸದ ಗೊಂಬೆಗಳಾಗಿ ಹೇರಳವಾಗಿ ಎರಕಗೊಂಡರು. ಆ ಹಳೆಯ ಎರಕಗಳನ್ನು ಹುಡುಕಿ ತಂದು, ಬಣ್ಣವಿಟ್ಟು, ಮರಳು ಅಂಟಿಸಿದ ಪುಟ್ಟ ಪೀಠದ ಮೇಲೆ ನಿಲ್ಲಿಸಿ ಸಂತೋಷಪಡುವವರು ಇಂದಿಗೂ ಇದ್ದಾರೆ.

ಅವರ ಕೆಲಸದಲ್ಲಿ ಒಂದು ಸೂಕ್ಷ್ಮವುಂಟು. ಅಷ್ಟು ಕಿರಿಯ ಗೊಂಬೆಯ ಮಡಿಕೆಗಳಲ್ಲಿ ನಿಜವಾದ ಬೆಳಕು ಸಾಕಷ್ಟು ನೆರಳನ್ನು ಮೂಡಿಸದು. ಆದುದರಿಂದ ತಗ್ಗಿಗೆ ಗಾಢವರ್ಣವನ್ನೂ ಉಬ್ಬಿಗೆ ತಿಳಿವರ್ಣವನ್ನೂ ಕೊಟ್ಟು ನೆರಳನ್ನೇ ಬರೆಯಬೇಕಾಗುತ್ತದೆ. ಕಿರಿದರಲ್ಲಿ ನಿಜವನ್ನು ತೋರಲು ತುಸು ಉತ್ಪ್ರೇಕ್ಷೆ ಬೇಕು. ಕಾವ್ಯ ಓದಿದವರಿಗೆ ಇದು ಹೊಸ ಮಾತಲ್ಲ. ನಮ್ಮ ಕುಂದಾಪುರದ ಸೀಮೆಯವರಿಗಂತೂ ಅಲ್ಲವೇ ಅಲ್ಲ.

ಕುಂದಾಪುರದ ಸನಿಹದ ಉಪ್ಪಿನಕುದ್ರುವಿನಲ್ಲಿ ಕಾಮತರ ಮನೆತನವು ತಲೆಮಾರುಗಳಿಂದ ಯಕ್ಷಗಾನದ ಸೂತ್ರದ ಗೊಂಬೆಯಾಟವನ್ನು ನಡೆಸಿಕೊಂಡು ಬಂದಿದೆ. ಕೊಗ್ಗ ದೇವಣ್ಣ ಕಾಮತರಿಗೆ 1980ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಸಂದಿತು. ಅವರ ಬಳಿಕ ಮಗ ಭಾಸ್ಕರ ಕೊಗ್ಗ ಕಾಮತರು ಸೂತ್ರ ಹಿಡಿದರು. ಒಂದೂವರೆ ಎರಡು ಅಡಿಯ ಆ ಮರದ ಗೊಂಬೆಗಳು ಬಡಗುತಿಟ್ಟಿನ ವೇಷಗಳ ಪ್ರತಿರೂಪಗಳು. ದೂರ ಕುಳಿತ ಪ್ರೇಕ್ಷಕನಿಗೂ ಕಾಣಬೇಕಾದ್ದರಿಂದ ಅಲ್ಲಿಯೂ ಕಣ್ಣು, ಹುಬ್ಬು, ತುಟಿಗಳು ಎದ್ದು ತೋರಬೇಕು.

ಆದರೆ ಇಲ್ಲಿ ಬಣ್ಣವೆಂಬುದು ಬಣ್ಣಗಾರನ ಇಚ್ಛೆಗೆ ಬಿಟ್ಟದ್ದಲ್ಲ. ಕರ್ಣಾರ್ಜುನರಿಗೆ ಮುಂಡಾಸು, ಅಭಿಮನ್ಯುವಿಗೆ ಕೇದಗೆ ಮುಂದಲೆ. ಯಕ್ಷಗಾನದಲ್ಲಿ ಬಣ್ಣ ಹಚ್ಚದ ಪಾತ್ರವಿಲ್ಲವಾದರೂ ‘ಬಣ್ಣದ ವೇಷ’ವೆಂಬ ಹೆಸರು ರಾಕ್ಷಸನಿಗೇ ಮೀಸಲು. ಇದೊಂದು ವ್ಯಾಕರಣ, ತಪ್ಪಿದರೆ ವೇಷದ ಅರ್ಥವೇ ಕೆಡುತ್ತದೆ. ಮೇಳದ ಕಲಾವಿದನು ಅಕ್ಕಿಹಿಟ್ಟು, ಸುಣ್ಣಗಳ ಚಿಟ್ಟಿಯಿಟ್ಟು ಸಿದ್ಧಗೊಳಿಸಿದ ರಾಕ್ಷಸಮುಖ ಬೆಳಗಾದರೆ ನೀರಿಗೆ ಹೋಗುತ್ತದೆ. ಇಂದಿನ ದೋಷವನ್ನು ನಾಳೆ ತಿದ್ದಿಕೊಳ್ಳಬಹುದು. ಗೊಂಬೆಯ ಬಣ್ಣವಾದರೋ ವರ್ಷಗಟ್ಟಲೆ ಉಳಿಯುವಂಥದು. ಅಲ್ಲಿ ಕುಂಚ ತಪ್ಪಿದರೆ ಮುಂದಿನ ತಲೆಮಾರು ಆ ತಪ್ಪನ್ನೇ ಸಂಪ್ರದಾಯವೆಂದು ತಿಳಿದೀತು.

ಇನ್ನು ನೆಲದ ಮಾತು. ಸೀಸದ ಗೊಂಬೆ ಪೀಠವಿಲ್ಲದೆ ಉರುಳುತ್ತದೆ. ಸೂತ್ರದ ಗೊಂಬೆಗೆ ಪೀಠವೇ ಇಲ್ಲ; ಅದರ ಭಾರವೆಲ್ಲ ಮೇಲಿನ ದಾರದಲ್ಲಿದೆ. ದಾರ ಬೆರಳಷ್ಟು ಬಿಗಿದರೆ ಭೀಮನು ಗಾಳಿಯಲ್ಲಿ ತೇಲುತ್ತಾನೆ. ಬೆರಳಷ್ಟು ಸಡಿಲಿದರೆ ಮೊಣಕಾಲು ಮಡಿದು ಕುಸಿಯುತ್ತಾನೆ. ಅವನಿಗೆ ನಿಲ್ಲಲು ನೆಲವನ್ನು ಕೊಡುವುದು ಸೂತ್ರಧಾರನ ಕೈಯ ಅಳತೆ.

ಹಳೆಯ ಗೊಂಬೆಯ ಬಣ್ಣ ಮಾಸಿದಾಗ ಹೊಸದಾಗಿ ಬಳಿಯಬೇಕೇ, ಇದ್ದಂತೆ ಕಾಯಬೇಕೇ? ಸೀಸದ ಗೊಂಬೆಯ ಹವ್ಯಾಸಿಗಳಲ್ಲಿ ಹಳೆಯ ಬಣ್ಣವನ್ನು ಕರಗಿಸಿ ಮತ್ತೆ ಬಳಿಯುವವರೂ ಉಂಟು, ಮುಟ್ಟಬಾರದೆನ್ನುವವರೂ ಉಂಟು. ನನ್ನ ಮತವಿಷ್ಟೆ: ರಂಗದಿಂದ ನಿವೃತ್ತವಾದ ಗೊಂಬೆಯನ್ನು ಮುಟ್ಟಬಾರದು, ಅದು ಹಸ್ತಪ್ರತಿಯಂತೆ ಹಿಂದಿನವರ ಪಾಠವನ್ನು ಹೇಳುವ ಸಾಕ್ಷಿ. ಆಡುವ ಗೊಂಬೆಗೆ ಬಣ್ಣ ಬೇಕೇ ಬೇಕು. ಮಾಸಿದ ಮುಖ ಸಭೆಗೆ ಮಾತನಾಡಲಾರದು. ಆದರೆ ಕುಂಚವೆತ್ತುವ ಮುನ್ನ ಆ ಹಳೆಯ ಪ್ರತಿಯನ್ನು ಓದಿರಬೇಕು.

ಹೀಗೆ ಓದಬಲ್ಲವರು ಎಷ್ಟು ಮಂದಿ? ಬೈಂದೂರಿನಿಂದ ಬ್ರಹ್ಮಾವರದವರೆಗೆ ನಮ್ಮ ಶಾಲೆ ಕಾಲೇಜುಗಳಲ್ಲಿ ಚಿತ್ರ ಬರೆಯುವ ಹುಡುಗರಿಗೆ ಕೊರತೆಯಿಲ್ಲ. ಅನ್ಯದೇಶದ ಮಾಯಾವಿಗಳಿಗೆ ಬಣ್ಣವಿಡುವ ಆಸೆ ಅವರಿಗಿದ್ದರೆ ಇರಲಿ. ಕಣ್ಣೂ ಕೈಯೂ ಅದರಿಂದಲೂ ಪಳಗುತ್ತವೆ. ಜೊತೆಗೆ ಗೇಣುದ್ದದ ಮಣ್ಣಿನ ಗೊಂಬೆಯೊಂದಕ್ಕೆ ಬಣ್ಣದ ವೇಷವನ್ನು ಬರೆದು ನೋಡಲಿ. ಹುಬ್ಬಿನ ಒಂದು ಗೆರೆ ಎಲ್ಲಿ ಏಳಬೇಕು, ಎಲ್ಲಿ ನಿಲ್ಲಬೇಕು ಎಂದು ತಿಳಿಯಲು ಆಟವನ್ನು ಇಡೀ ರಾತ್ರಿ ಕುಳಿತು ನೋಡಬೇಕಾದೀತು, ಬಲ್ಲವರನ್ನು ಕೇಳಬೇಕಾದೀತು. ಆ ಕೇಳುವಿಕೆ ನಿಂತ ದಿನ, ಗಾಜಿನ ಪೆಟ್ಟಿಗೆಯಲ್ಲಿ ಗೊಂಬೆಗಳೆಷ್ಟೇ ಭದ್ರವಾಗಿದ್ದರೂ, ಅವುಗಳಿಗೆ ನೆಲ ತಪ್ಪಿತೆಂದೇ ತಿಳಿಯಬೇಕು.